ಸ್ಟೇರಿಂಗಿನ ಮೇಲೆ ಲೈನ್ ಕ್ಲಿಯರ್

ಏಳು ಕೆರೆ, ಎಂಟು ಏರಿ ದಾಟಿದರೆ ಸಿಗುವ ಊರಿನಲ್ಲಿ ಒಂದಾನೊಂದು ಕಾಲಕ್ಕೆ ಒಂದು ಕುದುರೆ ಇತ್ತಂತೆ. ಗಟ್ಟಿಮುಟ್ಟಾದ ಕುದುರೆ. ಬೆಟ್ಟ ಅಂದರೆ ಬೆಟ್ಟ ಹತ್ತುತ್ತಿತ್ತು, ಹೊಳೆ ಅಂದರೆ ಹೊಳೆಗೆ ಇಳಿಯುತ್ತಿತ್ತು. ಇದ್ದ ಐಬು ಒಂದೇ, ಕಿವಿ ಮಂದ. ಬಲಕ್ಕೆ ಲಗಾಮು ಎಳೆದರೆ ಸ್ವಲ್ಪ ಹೊತ್ತು ಯೋಚನೆ ಮಾಡಿ ಆಮೇಲೆ ಬಲಕ್ಕೆ ತಿರುಗುತ್ತಿತ್ತು. ಅಷ್ಟರಲ್ಲಿ ದಾರಿಯೇ ಎಡಕ್ಕೆ ತಿರುಗಿರುತ್ತಿತ್ತು. ಹಾಗಾಗಿ ಅದರ ಮೇಲೆ ಕೂತ ರಾಜ ಯಾವತ್ತೂ ಹೊರಟ ಊರಿಗೆ ಹೋದವನಲ್ಲ, ಅದರ ಪಕ್ಕದೂರಿಗೇ ಹೋಗುತ್ತಿದ್ದ. ಮದುವೆಯೂ ಹಾಗೇ ಆಯಿತಂತೆ, ನೋಡಿದ ಹೆಣ್ಣಿನ ಪಕ್ಕದ ಮನೆಯ ಹೆಣ್ಣಿನ ಜೊತೆ.

ಪಟ್ಟಲಮ್ಮ ಈ ಕತೆ ಹೇಳಿದಾಗಲೆಲ್ಲ ಮೊಮ್ಮಗಳು ಶಾಲಿನಿ ನಗುತ್ತಿದ್ದಳು. ಈಗ ನಗು ಬರುತ್ತಿರಲಿಲ್ಲ. ಕತೆ ಕೇಳಿಕೊಂಡೇ ಬೆಳೆದು, ಡ್ರೈವಿಂಗ್ ಕಲಿತು, ಮಳವಳ್ಳಿಯ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವಳಿಗೆ ಆ ಕುದುರೆ ಯಾವುದೆಂದು ಚೆನ್ನಾಗಿ ಗೊತ್ತಾಗಿತ್ತು. ಹಲಗೂರಿನ ಹತ್ತಿರದ ತಮ್ಮ ಊರಿನಲ್ಲಿ, ತಮ್ಮ ಮನೆ ಮುಂದಿನ ಹೊಂಗೆ ಮರದ ಕೆಳಗೇ ಅದು ನಿಂತಿತ್ತು. ತಾತ ಮರಿಸಿದ್ದಯ್ಯ ಸರ್ಕಾರಿ ಹರಾಜಿನಲ್ಲಿ ಹಿಡಿದು ತಂದ ಜೀಪು. ಅದರ ಸ್ಟೇರಿಂಗು ಒಂದು ಗೇಣು ಸುಮ್ಮನೆ ತಿರುಗಿ, ಆಮೇಲೆ ಚಕ್ರಕ್ಕೆ ಸುದ್ದಿ ಮುಟ್ಟಿಸುತ್ತಿತ್ತು. ನೆಟ್ಟಗಿನ ರಸ್ತೆಯಲ್ಲಿ ಹೋಗುವಾಗಲೂ ಮೊಸರು ಕಡೆದ ಹಾಗೆ ಅತ್ತ ಇತ್ತ ಆಡಿಸುತ್ತಲೇ ಇರಬೇಕು.

ಸ್ಟೇರಿಂಗ್ ಬಾಕ್ಸ್ ಬಿಗಿ ಮಾಡುವುದು ಅಂಥ ದೊಡ್ಡ ಕೆಲಸವೇನಲ್ಲ. ಬಾಕ್ಸಿನ ಮುಚ್ಚಳದ ಮೇಲೆ ಒಂದು ಸ್ಕ್ರೂ, ಅದು ಅಲ್ಲಾಡದಂತೆ ಅದರ ಸುತ್ತ ಒಂದು ನಟ್ಟು. ನಟ್ಟು ಸಡಿಲಿಸಿ, ಸ್ಕ್ರೂ ಇಷ್ಟು ತಿರುಗಿಸಿ, ಮತ್ತೆ ನಟ್ಟು ಬಿಗಿದರೆ ಮುಗಿಯಿತು. ಶಾಲಿನಿ ಅದನ್ನು ಫೋನಿನ ವಿಡಿಯೋದಲ್ಲಿ ನೋಡಿ ಬಾಯಿಪಾಠ ಮಾಡಿಕೊಂಡಿದ್ದಳು. ಆದರೆ ಅಣ್ಣ ಅಂಬರೀಶ ಯುಗಾದಿ ರಜೆಗೆ ಬಂದಾಗ "ನಾನೇ ಮಾಡ್ತೀನಿ ಬುಡು, ಅರ್ಧ ಗಂಟೆ ಕೆಲ್ಸ" ಎಂದು ಜೀಪಿನ ಕೆಳಗೆ ತೂರಿದ್ದ. ಅವನು ಸರ್ಕಾರಿ ಬಸ್ಸಿನ ಡ್ರೈವರು, ಹೆಂಡತಿ ಜೊತೆ ಮಳವಳ್ಳಿಯಲ್ಲಿದ್ದ. ತೂರಿ ಕೆಲಸಕ್ಕೆ ಕೈ ಹಚ್ಚಿ ಸ್ವಲ್ಪ ಹೊತ್ತಾಗಿತ್ತಷ್ಟೇ, ಡಿಪೋದಿಂದ ಫೋನು ಬಂತು. ಯಾರೋ ಡ್ಯೂಟಿಗೆ ಬಂದಿಲ್ಲವಂತೆ. "ನಾಳೆ ಬಂದು ಮುಗುಸ್ತೀನಿ" ಎಂದು ಕೈ ಒರೆಸಿಕೊಂಡು ಹೋದ.

ಹೋದವನು ಹೋದ. ಸ್ಟೇರಿಂಗಿಗೆ ತಾತ ಕಟ್ಟಿದ ಕೆಂಪು ಹಲಗೆ ಮಾತ್ರ ಉಳಿಯಿತು. ಅದರ ಮೇಲೆ ಬಿಳಿ ಬಣ್ಣದಲ್ಲಿ, "ಕೆಲಸ ನಡೆದಿದೆ, ಮುಟ್ಟಬೇಡಿ."

ಆ ಹಲಗೆಯ ಹಿಂದೆ ಒಂದು ಆಯುಷ್ಯವೇ ಇತ್ತು. ಮರಿಸಿದ್ದಯ್ಯ ಕರೆಂಟಿನ ಇಲಾಖೆಯಲ್ಲಿ ಕೂದಲು ಬೆಳ್ಳಗಾಗುವ ತನಕ ದುಡಿದವನು. ಕಂಬ ಹತ್ತುವವನು ಮೊದಲು ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು, ಅಂದರೆ ಆ ತಂತಿಯ ಕರೆಂಟು ತೆಗೆಸಬೇಕು. ಇಲಾಖೆಯವರ ಬಾಯಲ್ಲಿ ಅದು ಎಲ್ಸಿ. ಕೆಲಸ ಮುಗಿಸಿ ಇಳಿದು ಅವನೇ ಬಾಯಿಬಿಟ್ಟು ವಾಪಸ್ಸು ಕೊಡುವ ತನಕ, ಮಂತ್ರಿ ಬಂದು ಹೇಳಿದರೂ ಸ್ವಿಚ್ಚು ಹಾಕುವಂತಿಲ್ಲ. ಎಲ್ಸಿ ತೆಗೆದುಕೊಂಡವನು ಒಬ್ಬ, ವಾಪಸ್ಸು ಕೊಟ್ಟವನು ಇನ್ನೊಬ್ಬ ಅಂತಾದರೆ ಏನಾಗುತ್ತದೆ ಎನ್ನುವುದಕ್ಕೆ ಪಕ್ಕದ ಬೀದಿಯ ಪುಟ್ಟಮಾದಯ್ಯನ ಅಂಗಿಯ ಖಾಲಿ ಬಲತೋಳೇ ಸಾಕ್ಷಿ. ಅವನು ಇನ್ನೂ ಕಂಬದ ಮೇಲಿರುವಾಗಲೇ ಫೋನಿನಲ್ಲಿ ಯಾರದೋ ದನಿ "ಕೆಲ್ಸ ಆಯ್ತು" ಎಂದಿತ್ತು. ಆವತ್ತು ಕಂಬದ ಬುಡದಲ್ಲಿ ಏಣಿ ಹಿಡಿದು ನಿಂತಿದ್ದವನು ಮರಿಸಿದ್ದಯ್ಯ.

ಅದೆಲ್ಲ ಶಾಲಿನಿಗೆ ಗೊತ್ತಿತ್ತು, ಗೌರವವೂ ಇತ್ತು. ಆದರೆ ನಿವೃತ್ತಿಯಾದ ಮೇಲೆ ತಾತ ಆ ರೂಲ್ಸನ್ನು ಇಲಾಖೆಯಲ್ಲೇ ಬಿಟ್ಟು ಬರಬಹುದಿತ್ತು. ಮನೆಗೆ ತಂದುಬಿಟ್ಟ. ಬೋರಿನ ಮೋಟಾರು ಬಿಚ್ಚಿದರೂ ಎಲ್ಸಿ, ಮಿಕ್ಸಿ ರಿಪೇರಿಗೂ ಎಲ್ಸಿ. ಈಗ ಜೀಪಿನ ಸ್ಟೇರಿಂಗು ಅಂಬರೀಶನ ಹೆಸರಿನಲ್ಲಿ ಎಲ್ಸಿ ಮೇಲಿತ್ತು. ಅಂಬರೀಶ ಬರದೆ ಇನ್ನೊಬ್ಬರು ಅದಕ್ಕೆ ಕೈ ಹಚ್ಚುವಂತಿಲ್ಲ. ಹಲಗೂರಿನಿಂದ ಶಾಲಿನಿ ಕರೆತಂದ ಮೆಕ್ಯಾನಿಕ್ಕು ಟೀ ಕುಡಿದು, ತಾತನ ಹತ್ತಿರ ಒಂದು ಭಾಷಣ ಕೇಳಿ, ಬಂದ ದಾರಿಗೆ ಸುಂಕವಿಲ್ಲ ಎಂದು ಹೋದ. ಹೋಗುವಾಗ ಶಾಲಿನಿಗೆ ಹೇಳಿದ, "ಮೇಡಮ್, ನಿಮ್ ತಾತ ನನ್ ಸ್ಪ್ಯಾನರ್ ಕಿತ್ಕಂಡ್ರು. ಅದ್ನಾರು ಈಸ್ಕೊಡಿ."

ಅಪ್ಪ ಮಹದೇವು ಈ ತಂಟೆಯೇ ಬೇಡವೆಂದು ರೇಷ್ಮೆ ಹುಳದ ಮನೆ ಸೇರಿಕೊಂಡಿದ್ದ. ಕೇಳಿದರೆ "ಹುಳ ನಾಕ್ನೇ ಜ್ವರದಲ್ಲವೆ ಮೊಗ, ಮಾತಾಡುಸ್ಬೇಡ" ಎನ್ನುತ್ತಿದ್ದ. ಪೊರೆ ಬಿಡುವ ಜ್ವರ ಹುಳಕ್ಕೆ, ಮಾತು ಬೇಡವಾಗಿದ್ದು ಇವನಿಗೆ.

ಇಷ್ಟಾಗಿದ್ದರೆ ಶಾಲಿನಿ ಸುಮ್ಮನಿರುತ್ತಿದ್ದಳೇನೋ. ಆದರೆ ಬುಧವಾರ ಬೆಸಗರಹಳ್ಳಿಯಿಂದ ಫೋನು ಬಂತು. ಪಟ್ಟಲಮ್ಮನ ತಂಗಿ ಸಣ್ಣತಾಯಮ್ಮ. ಸೋಮವಾರ ಮಗಳು ಬಂದು ಶಿವಮೊಗ್ಗಕ್ಕೆ ಕರೆದುಕೊಂಡು ಹೋಗುತ್ತಾಳೆ, ಇನ್ನು ಈ ಕಡೆಗೆ ಬರುವುದು ಸುಳ್ಳು, ಮನೆಗೆ ಬೀಗ ಬೀಳುತ್ತದೆ.

"ಅದ್ಕೂ ಮುಂಚೆ ಒಂದ್ಸಲ ಬಂದೋಗೆ ಅಕ್ಕ. ಆ ನಿನ್ ಮುರುಕ್ಲು ಜೀಪಲ್ಲೇ ಬಾ."

ಆ ಕೊನೆಯ ಮಾತಿಗೆ ಇಪ್ಪತ್ತು ವರ್ಷದ ಹಿಂದಿನ ಲೆಕ್ಕವಿತ್ತು. ಜೀಪು ಹೊಸದಾಗಿ ಬಂದಾಗ ತಂಗಿ ಎಲ್ಲರ ಎದುರಿಗೆ, "ಅರಾಜಲ್ ತಂದ ಗಾಡಿ ನಮ್ಮೂರ್ ಏರಿ ಅತ್ತಿದ್ರೆ ನನ್ ಕಿವಿ ಕುಯ್ಸ್ಕತೀನಿ" ಎಂದಿದ್ದಳು. ಅಕ್ಕನಿಗೆ ರೋಷ ಬಂತು. "ಬಂದ್ರೆ ನಿನ್ ಮನೆಗೆ ಈ ಗಾಡೀಲೇ ಬತ್ತೀನಿ. ನೀನಾಗ್ ಕರೆಯಗಂಟ ನಾ ಬರಾಕಿಲ್ಲ." ಮದುವೆ, ತಿಥಿ, ಬುದ್ಧ ಪೂರ್ಣಿಮೆ ಅಂತ ಅಲ್ಲಿ ಇಲ್ಲಿ ಸಿಕ್ಕಾಗ ಇಬ್ಬರೂ ಕೈ ಕೈ ಹಿಡಿದು ಕೂರುತ್ತಿದ್ದರು, ಎಲೆಅಡಿಕೆ ಹಂಚಿಕೊಳ್ಳುತ್ತಿದ್ದರು. ಆದರೆ ತಂಗಿ ಕರೆಯಲಿಲ್ಲ, ಅಕ್ಕ ಹೋಗಲಿಲ್ಲ. ಈಗ ಅವಳು ಕರೆದಿದ್ದಾಳೆ.

"ಕಾರು ಬಾಡಿಗೆಗೆ ಮಾಡನ ಅಜ್ಜಿ" ಎಂದಳು ಶಾಲಿನಿ.

"ಕಾರಲ್ಲಿ ನೀನೋಗು."

"ಬಸ್ಸು?"

"ಬಸ್ಸಲ್ಲೂ ನೀನೇ ಓಗು. ನನ್ ಬಾಯಿಂದ ಬಂದ ಮಾತ ನಾನೇ ನುಂಗ್ಕಳಕೆ ನನ್ಗೇನು ಅಲ್ಲಿಲ್ವಾ." ಪಟ್ಟಲಮ್ಮನಿಗೆ ನಿಜವಾಗಿಯೂ ಹಲ್ಲಿರಲಿಲ್ಲ, ಆದರೆ ಅದನ್ನು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

"ಭಾನುವಾರ ಜೀಪಲ್ಲೇ ಕರ್ಕೊಂಡೋಗ್ತೀನಿ" ಎಂದು ಶಾಲಿನಿ ಮಾತು ಕೊಟ್ಟಳು. ಕೊಟ್ಟ ಮೇಲೆ ಅಣ್ಣನಿಗೆ ಫೋನು ಮಾಡಿದಳು. ಗುರುವಾರ "ನಾಳೆ ಪಕ್ಕಾ" ಎಂದ. ಶುಕ್ರವಾರ "ಡಬಲ್ ಡ್ಯೂಟಿ ಆಕ್ಬುಟ್ರು ಕಣಮ್ಮ" ಎಂದ. ಶನಿವಾರ ಫೋನು ಎತ್ತಲಿಲ್ಲ. ಸಾಯಂಕಾಲ ಶಾಲಿನಿ ತಾತನ ಮುಂದೆ ಹೋಗಿ ನಿಂತಳು.

"ತಾತ, ನಾನ್ ಮಾಡ್ತೀನಿ. ಹಲಗೆ ತೆಗಿ."

"ಎಲ್ಸಿ ನಿನ್ ಎಸ್ರಲ್ಲಿಲ್ಲ."

"ಅವ್ನು ಫೋನಲ್ಲಿ ಹೇಳ್ತಾನೆ, ಕೊಟ್ಟೆ ಅಂತ."

"ಫೋನಲ್ಲಿ ತಕಳಾಕಿಲ್ಲ. ಪುಟ್ಟಮಾದಯ್ಯನ್ ಕೈ ಓಗಿದ್ದು ಫೋನಲ್ಲೇ."

"ಇದು ಜೀಪು ತಾತ. ಕರೆಂಟಲ್ಲ."

"ಅರ್ಧಂಬರ್ಧ ಬಿಚ್ಚಿರೋ ಕೆಲ್ಸ ಎಲ್ಲಿದ್ರೂ ಕರೆಂಟೇ ಕಣವ್ವ."

"ಅವ್ನು ಬರೋದೇ ಇಲ್ಲ ಅಂತಂದ್ರೆ? ಸತ್ತೇ ಹೋದ ಅಂತಿಟ್ಕೊ."

ಮರಿಸಿದ್ದಯ್ಯ ಸ್ವಲ್ಪವೂ ಬೇಸರ ಮಾಡಿಕೊಳ್ಳದೆ ಯೋಚಿಸಿದ. "ಸತ್ರೆ ಬೇರೆ ರೂಲ್ಸು" ಎಂದ. "ಬದುಕಿದ್ರೆ ಅವ್ನೇ ಬರ್ಬೇಕು. ಇಲ್ಲ, ನಾವ್ ಮೂವರೂ ಎದುರಾಬದುರು ನಿಂತು, ಕೆಲ್ಸ ಎಲ್ಲಿಗಂಟ ಆಗದೆ ಅಂತ ಅವ್ನು ಬಾಯಲ್ಲಿ ಯೋಳಿ, ಎಲ್ಸಿನ ನಿನ್ ಕೈಗೆ ದಾಟುಸ್ಬೇಕು."

ಇಷ್ಟು ದಿನ ಈ ಬಾಗಿಲು ಇದೆಯೆಂದು ಒಂದು ಮಾತು ಹೇಳಲಿಲ್ಲವಲ್ಲ ಎಂದು ಶಾಲಿನಿಗೆ ಮೈಯೆಲ್ಲ ಉರಿಯಿತು. ಕತೆಗಳಲ್ಲಾದರೆ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯೊಳಗಿರುತ್ತದೆ, ಗಿಳಿಯನ್ನು ಹಿಡಿದರಾಯಿತು. ಇಲ್ಲಿ ಗಿಳಿ ದಿನಾ ಮಳವಳ್ಳಿಯಿಂದ ಕನಕಪುರಕ್ಕೆ ಬಸ್ಸು ಓಡಿಸಿಕೊಂಡು, ಇವರ ಊರಿನ ಬಸ್ಸು ನಿಲ್ಲುವ ಗೇಟಿನ ಮುಂದೆಯೇ ಹಾದು ಹೋಗುತ್ತಿತ್ತು.

ಅವಳು ಎರಡು ಏರ್ಪಾಡು ಮಾಡಿಕೊಂಡಳು. ಒಂದು, ಬೆಳಿಗ್ಗೆ ತಾತನನ್ನು ಗೇಟಿಗೆ ಕರೆದೊಯ್ಯುವುದು. ಅದು ಕೈಕೊಟ್ಟರೆ ಎರಡನೆಯದು. ಜೀಪಿನ ಕೀ ಆಗಲೇ ಅವಳ ಬ್ಯಾಗಿನಲ್ಲಿತ್ತು. ತಾತ ಸ್ನಾನಕ್ಕೆ ಹೋದಾಗ ಹಲಗೆ ಕಿತ್ತೆಸೆದು, ಅಜ್ಜಿಯನ್ನು ಕೂರಿಸಿಕೊಂಡು, ಸಡಿಲ ಸ್ಟೇರಿಂಗಿನಲ್ಲೇ ಹೋಗಿಬಿಡುವುದು. ಮೊಸರು ಕಡೆದುಕೊಂಡು ಮದ್ದೂರಿನ ತನಕ ಹೋದರೆ ಬೆಸಗರಹಳ್ಳಿ ಎಷ್ಟು ದೂರ.

ಭಾನುವಾರ ಬೆಳಿಗ್ಗೆ ಪಟ್ಟಲಮ್ಮ ಹಸಿರು ಸೀರೆ ಉಟ್ಟು, ತಂಗಿಗೆಂದು ಹುರುಳಿಕಾಳಿನ ಗಂಟು ಕಟ್ಟಿಕೊಂಡು ಜಗುಲಿಯ ಮೇಲೆ ಕೂತಾಗಿತ್ತು. ತಾತ, ಮೊಮ್ಮಗಳು ಗೇಟಿಗೆ ಹೋದರು. ಬಸ್ಸು ಬಂತು. ನಿಲ್ಲುವ ಲಕ್ಷಣ ಕಾಣಲಿಲ್ಲ. ಮರಿಸಿದ್ದಯ್ಯ ಕೊಡೆಯನ್ನು ಅಡ್ಡ ಹಿಡಿದು ರಸ್ತೆಯ ನಡುವೆ ನಿಂತ. ಬ್ರೇಕು ಕಿರ್ರೆಂದಿತು. ಒಳಗೆ ನಿಂತಿದ್ದ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ವಾಲಿ, ಆಧಾರ್ ಕಾರ್ಡು ಹಿಡಿದ ಕೈಯಲ್ಲೇ ಡ್ರೈವರನಿಗೆ ಶಾಪ ಹಾಕಿದರು.

"ಏನ್ ತಾತ ಇದು" ಎಂದ ಅಂಬರೀಶ ಕಿಟಕಿಯಿಂದ ತಲೆ ಹಾಕಿ. "ಟೈಮಿಲ್ಲ."

"ನಿನ್ ಎಲ್ಸಿ ನನ್ ತಾವ್ ಅದೆ. ದಾಟುಸ್ಬುಟ್ಟು ಓಗು."

"ಸಾಯಂಕಾಲ ಬತ್ತೀನಿ."

"ಈ ಸಾಯಂಕಾಲ ಎಷ್ಟ್ನೇದು?" ಎಂದಳು ಶಾಲಿನಿ. "ಅಜ್ಜಿ ಸೀರೆ ಉಟ್ಕೊಂಡು ಕೂತದೆ ಅಲ್ಲಿ. ಕೆಳಗೆ ಇಳಿ, ಇಲ್ಲಾಂದ್ರೆ ಅಲ್ಲಿಂದ್ಲೇ ಹೇಳು."

ಕಂಡಕ್ಟರ್ ಅಶೋಕ ಹಿಂದಿನಿಂದ ಸೀಟಿ ಊದಿದ. "ಏನ್ರೀ ಅದು, ಚೆಕಿಂಗಾ?"

"ಚೆಕಿಂಗಲ್ಲ ಕಣಪ್ಪ, ಡ್ರೈವರ್ ತಾತ" ಎಂದು ಮುಂದಿನ ಸೀಟಿನ ಹೆಂಗಸು ವರದಿ ಕೊಟ್ಟಳು. "ಏನೋ ಎಲ್ಸಿಯಂತೆ. ಇವ್ನು ಈಸ್ಕಂಡು ವಾಪಸ್ ಕೊಟ್ಟಿಲ್ವಂತೆ."

"ಕೊಟ್ಟೋಗಪ್ಪ ಅತ್ಲಾಗಿ. ದೊಡ್ಡೋರ್ ಸಾಮಾನು ಯಾಕ್ ಮಡಿಕಂಡಿದಿಯೆ" ಎಂದಿತು ಇನ್ನೊಂದು ದನಿ.

ಅಂಬರೀಶನ ಕಿವಿ ಕೆಂಪಾಯಿತು. "ಆಯ್ತು, ಕೇಳು ತಾತ."

ಮರಿಸಿದ್ದಯ್ಯ ಕೊಡೆ ಮಡಚಿದ. ಬೆನ್ನು ನೆಟ್ಟಗೆ ಮಾಡಿದ. ಬಿಸಿಲಲ್ಲಿ ಹಾರನ್ನು ಹೊಡೆಯುತ್ತ ನಿಂತ ಲಾರಿಯ ಕಡೆಗೆ ನೋಡಲೇ ಇಲ್ಲ. "ಕೆಲ್ಸ ಎಲ್ಲಿಗಂಟ ಆಗದೆ?"

"ಬಾಕ್ಸ್ ಮೇಲಿನ್ ನಟ್ಟು ಸಡ್ಲ ಮಾಡಿವ್ನಿ. ಸ್ಕ್ರೂ ಮುಟ್ಟಿಲ್ಲ."

"ಇನ್ನೇನ್ ಬಿಚ್ಚಿದ್ದೆ?"

"ಇನ್ನೇನಿಲ್ಲ."

"ಯೋಚ್ನೆ ಮಾಡಿ ಯೋಳು."

ಸ್ಟೇರಿಂಗಿನ ಮೇಲಿದ್ದ ಅಂಬರೀಶನ ಎರಡೂ ಕೈ ಕೆಳಗಿಳಿದವು. "ತಾತ" ಎಂದ, ದನಿ ತಗ್ಗಿಸಿ. "ಬಾಕ್ಸಿಂದ ಕೆಳಕ್ಕೆ ಒಂದ್ ತೋಳ್ ಬತ್ತದಲ್ಲ, ರಾಡ್ ಎಳ್ಯೋದು. ಅದೂ ಆಡ್ತದಾ ಅಂತ ನೋಡಕೆ ಅದ್ರ ದೊಡ್ ನಟ್ಟು ಬಿಚ್ಚಿದ್ದೆ. ಫೋನ್ ಬಂತಲ್ಲ, ಸುಮ್ನೆ ಬೆಳ್ಳಲ್ಲಿ ತಿರುಗ್ಸಿ ಬುಟ್ಟಿವ್ನಿ. ಸ್ಪ್ಯಾನರ್ ಆಕಿಲ್ಲ."

ಶಾಲಿನಿ ಬ್ಯಾಗನ್ನು ಎದೆಗೆ ಅವುಚಿಕೊಂಡಳು. ಒಳಗಿದ್ದ ಕೀ ಬೆರಳಿಗೆ ಸಿಕ್ಕಿತು. ಆ ನಟ್ಟು ಕಳಚಿದರೆ ತೋಳು ಜಾರುತ್ತದೆ. ತೋಳು ಜಾರಿದರೆ ಸ್ಟೇರಿಂಗನ್ನು ಗಾಣದ ಹಾಗೆ ತಿರುಗಿಸಿದರೂ ಚಕ್ರ ತನ್ನ ಪಾಡಿಗೆ ತಾನು ಹೋಗುತ್ತದೆ. ಬೆಸಗರಹಳ್ಳಿಯ ಏರಿ, ಒಂದು ಕಡೆ ಕೆರೆ, ಪಕ್ಕದಲ್ಲಿ ಹಸಿರು ಸೀರೆಯ ಅಜ್ಜಿ. ತಾತ ತಪ್ಪಾಗಿದ್ದಾಗ ಬರುವ ಕೋಪವನ್ನಾದರೂ ತಡೆದುಕೊಳ್ಳಬಹುದು, ತಾತ ಸರಿಯಾಗಿದ್ದಾಗ ಬರುವ ಕೋಪಕ್ಕೆ ಎಲ್ಲಿಯೂ ಜಾಗವಿಲ್ಲ.

"ಕೇಳುಸ್ಕಂಡಾ?" ಎಂದ ತಾತ.

"ಕೇಳುಸ್ಕಂಡೆ."

"ದಾಟುಸ್ದೆ" ಎಂದ ಅಂಬರೀಶ. "ತಕಂಡೆ" ಎಂದಳು ಶಾಲಿನಿ. ಅಶೋಕ ರೈಟ್ ಹೇಳಿದ. ಬಸ್ಸು ಹೊರಟ ಮೇಲೂ ಮುಂದಿನ ಸೀಟಿನ ಹೆಂಗಸು ಕಿಟಕಿಯಿಂದ ಬಗ್ಗಿ, ಇಷ್ಟಕ್ಕೂ ಕೊಟ್ಟ ಸಾಮಾನು ಯಾವುದೆಂದು ಇವರ ಕೈಯನ್ನೇ ಹುಡುಕುತ್ತಿದ್ದಳು.

ಮನೆಗೆ ಬಂದರೆ ಜೀಪಿನ ಮುಂದಿನ ಚಕ್ರಗಳು ಸೊಟ್ಟಗೆ ತಿರುಗಿ ನಿಂತಿದ್ದವು. ಸೊಟ್ಟ ಇದ್ದಾಗ ಸ್ಕ್ರೂ ಬಿಗಿ ಮಾಡಿದರೆ ಚಕ್ರ ನೆಟ್ಟಗಾದಾಗ ಒಳಗಿನ ಹಲ್ಲು ಕಚ್ಚಿಕೊಳ್ಳುತ್ತದೆ. ಜಾಕಿ ಕೊಟ್ಟು ಮುಂಭಾಗ ಎತ್ತಿ, ಹಿಂದಿನ ಚಕ್ರಕ್ಕೂ ಅಚ್ಚಿಗೂ ಕಲ್ಲು ಕೊಟ್ಟು, ಚಕ್ರ ನೆಟ್ಟಗೆ ಮಾಡುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಬಂದಿತ್ತು. ಗೋಣಿಚೀಲ ಹಾಸಿಕೊಂಡು ಶಾಲಿನಿ ಕೆಳಗೆ ತೂರಿದಳು. ಮೊದಲು ಆ ದೊಡ್ಡ ನಟ್ಟು. ನಿಜವಾಗಿಯೂ ಬೆರಳಲ್ಲೇ ತಿರುಗಿತು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ, ಕಾಲು ಕೊಟ್ಟು ಎಳೆದು ಬಿಗಿದಳು.

"ಇನ್ನೊಂದ್ ಎಳ್ತ" ಎಂದ ತಾತ ಕಲ್ಲಿನ ಮೇಲೆ ಕೂತು.

"ಆಯ್ತು ತಾತ."

"ಆಯ್ತು ಅಂದೋರೆ ನೆಲ ಕಚ್ಚಿರೋದು. ಇನ್ನೊಂದು."

ಇನ್ನೊಂದು ಎಳೆದಳು. ಆಮೇಲೆ ಬಾಕ್ಸಿನ ಸ್ಕ್ರೂ. ಪಟ್ಟಲಮ್ಮ ಡ್ರೈವರ್ ಸೀಟಿನಲ್ಲಿ ಕೂತು ಸ್ಟೇರಿಂಗನ್ನು ಅತ್ತ ಇತ್ತ ಆಡಿಸಬೇಕು, ಎಷ್ಟು ಸುಮ್ಮನೆ ತಿರುಗುತ್ತದೆಂದು ಹೇಳಬೇಕು.

"ಎಷ್ಟು ಅಜ್ಜಿ?"

"ಒಂದ್ ಗೇಣು."

ಸ್ಕ್ರೂ ಸ್ವಲ್ಪ ತಿರುಗಿತು. "ಈಗ?"

"ನಾಕ್ ಬೆಳ್ಳು."

"ಈಗ?"

"ಇಂಗೇ ಕೇಳ್ತಾ ಕೂತ್ರೆ ನನ್ ತಂಗಿ ಶಿವಮೊಗ್ಗ ಸೇರ್ಕಬುಡ್ತಾಳೆ."

"ಅಜ್ಜಿ, ಸರಿಯಾಗಿ ಹೇಳು."

"ಆಡಾದೇ ಇಲ್ಲ ಕಣೆ ಇದು. ಬಂಡೆ ಆಗದೆ."

ಅತಿಯಾಯಿತು. ಕೂದಲಷ್ಟು ಹಿಂದಕ್ಕೆ ತಿರುಗಿಸಿದಳು. ಅಜ್ಜಿ ಎರಡು ಬೆರಳು ಎಂದಳು, ಆಮೇಲೆ ಒಂದೂವರೆ. ಸ್ಟೇರಿಂಗು ಹಗುರವಾಗಿಯೇ ತಿರುಗುತ್ತಿತ್ತು. ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದು ಮೇಲಿನ ನಟ್ಟು ಬಿಗಿಯುವುದು. ವಿಡಿಯೋದಲ್ಲಿ ಇದು ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿತ್ತು. ಇಲ್ಲಿ ನಟ್ಟು ಬಿಗಿದರೆ ಸ್ಕ್ರೂ ಕೂಡ ಅದರ ಜೊತೆಗೆ ತಿರುಗಿ ಮತ್ತೆ ಬಂಡೆಯಾಯಿತು. ಸಡಿಲಿಸಿ ಮತ್ತೆ ಕೂರಿಸಿದಳು. ಮತ್ತೆ ಜೊತೆಗೇ ತಿರುಗಿತು. ಒಂದು ಕೈ ಸ್ಕ್ರೂಡ್ರೈವರನ್ನು ಅಲುಗದಂತೆ ಹಿಡಿಯಬೇಕು, ಒಂದು ಕೈ ಸ್ಪ್ಯಾನರು ಎಳೆಯಬೇಕು, ತಾನು ಜಾರದಂತೆ ಜೀಪಿನ ಚಾಸಿ ಹಿಡಿದುಕೊಳ್ಳಲು ಮೂರನೇ ಕೈ ಬೇಕು. ಮೂರು ಕೈಯವರು ಕತೆಯಲ್ಲಿ ಬೇಕಾದಷ್ಟು ಸಿಗುತ್ತಾರೆ.

"ತಾತ, ಬಂದು ಈ ಸ್ಕ್ರೂಡ್ರೈವರ್ ಹಿಡ್ಕೊ."

"ನಾನು ಎಲ್ಸಿ ಕೊಡೋನು. ಕೊಡೋನು ಕೆಲ್ಸಕ್ಕೆ ಕೈ ಆಕಂಗಿಲ್ಲ."

ಶಾಲಿನಿ ಸ್ಪ್ಯಾನರನ್ನು ಮಣ್ಣಿಗೆ ಒಗೆದಳು. ಮುಖಕ್ಕೆಲ್ಲ ಗ್ರೀಸು, ಕೂದಲ ತುಂಬ ಹೊಂಗೆ ಹೂವು, ಕಣ್ಣಲ್ಲಿ ನೀರು. "ಹಂಗಾದ್ರೆ ನೀನೊಬ್ನೇ ರೂಲ್ಸ್ ಓದ್ಕೊಂಡು ಕೂತ್ಕೊ. ನಾಳೆ ಸಣ್ಣಜ್ಜಿ ಮನೆಗೆ ಬೀಗ ಬೀಳ್ತದೆ. ಅದಕ್ಕೂ ಒಂದು ಕೆಂಪು ಹಲಗೆ ಕಟ್ಟು ಹೋಗು."

ಮರಿಸಿದ್ದಯ್ಯ ಕಲ್ಲಿನ ಮೇಲಿಂದ ಅರ್ಧ ಎದ್ದವನು ಪುಟ್ಟಮಾದಯ್ಯನ ಮನೆಯ ಕಡೆಗೊಮ್ಮೆ ನೋಡಿ ಮತ್ತೆ ಕೂತ. ಜೀಪಿನ ಬಾಗಿಲು ಕಿರುಗುಟ್ಟಿತು. ಹಸಿರು ಸೀರೆ ನೆಲಕ್ಕೆ ಇಳಿಯಿತು, ಸೆರಗು ಸೊಂಟಕ್ಕೆ ಸಿಕ್ಕಿತು, ಮಂಡಿ ಮಣ್ಣಿಗೆ ಊರಿತು.

"ಎಲ್ಲಿ ಇಡ್ಕಬೇಕು ತೋರ್ಸು" ಎಂದಳು ಪಟ್ಟಲಮ್ಮ.

"ಸೀರೆ ಅಜ್ಜಿ."

"ನಾನೇನು ಸೀರೆ ನೋಡಕೆ ಓಗ್ತಾ ಇವ್ನಾ, ತಂಗಿ ನೋಡಕಾ?"

ಚಕ್ರದ ಸಂದಿಯಿಂದ ಆ ಕೈ ಒಳಗೆ ಬಂತು. ಅರವತ್ತು ವರ್ಷ ರಾಗಿ ಬೀಸಿ, ಮುದ್ದೆ ಕೂಡಿಸಿದ ಕೈ. ಸ್ಕ್ರೂಡ್ರೈವರಿನ ಹಿಡಿಯನ್ನು ಕೋಲು ಹಿಡಿದ ಹಾಗೆ ಹಿಡಿಯಿತು. ಶಾಲಿನಿ ಸ್ಪ್ಯಾನರು ಹಾಕಿ ಎಳೆದಳು. ಸ್ಕ್ರೂ ಕದಲಲಿಲ್ಲ. ಇನ್ನೊಂದು ಎಳೆತ. ನಟ್ಟು ಕಟ್ ಎಂದು ಕೂತಿತು, ಅಜ್ಜಿಯ ಕೈ ಇದ್ದಲ್ಲೇ ಇತ್ತು.

"ಬುಡ್ಲಾ?" ಎಂದಳು ಅಜ್ಜಿ.

"ಬಿಡು."

ಜಾಕಿ ಇಳಿಸಿ, ಕಲ್ಲು ತೆಗೆದು, ಪರೀಕ್ಷೆಯೂ ಕೆಲಸದ ಲೆಕ್ಕವೇ ಎಂದು ಹಲಗೆ ಬಿಚ್ಚದೆಯೇ ಶಾಲಿನಿ ಜೀಪನ್ನು ಮೆಲ್ಲಗೆ ಬೀದಿಯ ಕೊನೆಯ ತನಕ ಓಡಿಸಿ ವಾಪಸ್ಸು ತಂದಳು. ಬಲಕ್ಕೆ ಎಂದರೆ ಬಲಕ್ಕೆ, ಎಡಕ್ಕೆ ಎಂದರೆ ಎಡಕ್ಕೆ. ನೆಟ್ಟಗೆ ಹೋಗುವಾಗ ಕೈ ಸುಮ್ಮನಿತ್ತು. ತಿರುವಿನಿಂದ ಬಿಟ್ಟರೆ ತಾನೇ ನೆಟ್ಟಗಾಗುತ್ತಿತ್ತು. ಅವಳು ಇಳಿಯುವ ಮೊದಲೇ ಪಟ್ಟಲಮ್ಮ ಹುರುಳಿಕಾಳಿನ ಗಂಟಿನ ಸಮೇತ ಪಕ್ಕದ ಸೀಟು ಹತ್ತಿ ಕೂತಾಗಿತ್ತು.

ಶಾಲಿನಿ ತಾತನ ಮುಂದೆ ಹೋಗಿ ನಿಂತಳು. "ಕೆಲ್ಸ ಮುಗೀತು. ಎಲ್ಸಿ ತಕೊ."

"ನಟ್ಟು?"

"ಎಲ್ಲ ಬಿಗಿ ಆಗವೆ. ದೊಡ್ಡದು, ಚಿಕ್ಕದು."

"ಸಾಮಾನು?"

"ಆಚೆಗೆ ತೆಗ್ದಿವ್ನಿ."

"ಆಳು?"

"ಆಳೂ ಆಚೆ ಬಂದ್ವಿ."

ಮರಿಸಿದ್ದಯ್ಯ ಜೀಪಿನ ಕಡೆ ಗದ್ದ ಎತ್ತಿ ತೋರಿಸಿದ. "ಸ್ಕ್ರೂ ಇಡ್ದೋಳು ಮೇಲೇ ಕೂತವ್ಳೆ. ಕೆಲ್ಸ ಮಾಡ್ದೋರು ಎಲ್ರೂ ಕೆಳ್ಗಿಳೀದೆ ನಾನು ವಾಪಸ್ ತಕಳಾಕಿಲ್ಲ."

ಶಾಲಿನಿ ಕಣ್ಣು ಮುಚ್ಚಿಕೊಂಡಳು.

"ನಿಮ್ ತಾತಂಗೆ ಯೋಳು, ನಾನ್ ಇಳಿಯಾಕಿಲ್ಲ" ಎಂದಳು ಪಟ್ಟಲಮ್ಮ.

"ನಿಮ್ ಅಜ್ಜಿಗೆ ಯೋಳು, ಇಳೀದೆ ಗಾಡಿ ಓಗಾಕಿಲ್ಲ."

"ಅಜ್ಜಿ" ಎಂದಳು ಶಾಲಿನಿ.

ಪಟ್ಟಲಮ್ಮ ಗಂಡನನ್ನು ನೋಡಿದಳು. ಗಂಟನ್ನು ಸೀಟಿನ ಮೇಲೆ ಮಡಗಿ, ಒಂದೊಂದೇ ಕಾಲು ಇಳಿಸಿ, ನೆಲದ ಮೇಲೆ ನಿಂತು, ಎರಡೂ ಕೈಯನ್ನು ಅವನಿಗೆ ಕಾಣುವಂತೆ ಚಾಚಿದಳು. ಅಂಗೈಯಲ್ಲಿ ಸ್ಕ್ರೂಡ್ರೈವರಿನ ಹಿಡಿಯ ಗುರುತು ಇನ್ನೂ ಕೆಂಪಗೆ ಕೂತಿತ್ತು.

"ಇಳ್ದಿವ್ನಿ. ಎರ್ಡ್ ಕೈಯೂ ಅವೆ. ಎಣುಸ್ಕೊ."

ಮರಿಸಿದ್ದಯ್ಯ ನಿಜವಾಗಿಯೂ ನೋಡಿದ. ಆಮೇಲೆ ಹೋಗಿ ಸ್ಟೇರಿಂಗಿನಿಂದ ಹಲಗೆ ಬಿಚ್ಚಿದ.

"ಎಲ್ಸಿ ವಾಪಸ್ ಬಂತು" ಎಂದ.